ನೆಲ ನೀರಾಗುವ ಲೆಕ್ಕ: ಭೂಕಂಪ ಮತ್ತು ಮಣ್ಣಿನ ವಿದ್ಯಾರ್ಥಿ ಸಂಘಗಳ ಪ್ರಶ್ನೆಗಳಿಗೆ ಉತ್ತರ

ಭೂಕಂಪದಲ್ಲಿ ಮಣ್ಣು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೇ ಹಿಡಿದು ಕೆಲಸ ಮಾಡುವ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಗಳ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ತರಹದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಭೂಕಂಪ ಎಂಜಿನಿಯರಿಂಗ್ ಸಂಘ ಆಗಲೇ ಇದೆ. ಅವರು ಕಟ್ಟಡದ ಮಾದರಿ ಕಟ್ಟಿ ಅಲುಗಿಸುತ್ತಾರೆ. ಮಣ್ಣಿಗೇ ಅಂತ ಬೇರೆ ಸಂಘ ಬೇಕೆ? ಶುರು ಮಾಡಿದರೆ ಮೊದಲ ವರ್ಷ ಏನು ಮಾಡಬೇಕು?

ಉತ್ತರ: ಬೇಕು. 1964ರ ಜೂನ್ 16ರಂದು ಜಪಾನಿನ ನೀಗಾಟಾದಲ್ಲಿ ಕವಾಗಿಶಿ-ಚೋ ಬಡಾವಣೆಯ ನಾಲ್ಕಂತಸ್ತಿನ ವಸತಿ ಕಟ್ಟಡಗಳು ವಾಲಿಕೊಂಡವು. ಒಂದಂತೂ ಪೂರ್ತಿ ಮಗ್ಗುಲಾಗಿ ಮಲಗಿತು. ಆದರೆ ಗೋಡೆ, ಕಂಬಗಳಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬಿದ್ದಿರಲಿಲ್ಲ. ಕೆಟ್ಟದ್ದು ಕಟ್ಟಡವಲ್ಲ, ಕೆಳಗಿನ ಮರಳು. ಅದೇ ವರ್ಷ ಮಾರ್ಚ್‌ನಲ್ಲಿ ಅಲಾಸ್ಕದ ಟರ್ನಗೇನ್ ಹೈಟ್ಸ್‌ನಲ್ಲಿ ಮನೆಗಳಿದ್ದ ದಿಣ್ಣೆಯೇ ಸಮುದ್ರದ ಕಡೆಗೆ ಜಾರಿತ್ತು. ಈ ಎರಡು ಘಟನೆಗಳಿಂದಲೇ ಈ ಶಾಖೆ ಸ್ವಂತ ಕಾಲ ಮೇಲೆ ನಿಂತಿತು ಎನ್ನಬಹುದು. 1985ರ ಮೆಕ್ಸಿಕೊ ಭೂಕಂಪ ಇನ್ನೊಂದು ಮುಖ ತೋರಿಸಿತು. ಕೇಂದ್ರ 350 ಕಿ.ಮೀ.ಗೂ ಹೆಚ್ಚು ದೂರವಿದ್ದರೂ, ಹಳೆಯ ಕೆರೆಯ ತಳದ ಮೆತ್ತನೆ ಜೇಡಿ ಸುಮಾರು 2 ಸೆಕೆಂಡ್ ಅವಧಿಯ ಅಲೆಗಳನ್ನು ಹಿಗ್ಗಿಸಿ, ಆ ಅವಧಿಗೆ ಹತ್ತಿರವಿದ್ದ ಮಧ್ಯಮ ಎತ್ತರದ ಕಟ್ಟಡಗಳನ್ನು ಹುಡುಕಿ ಹೊಡೆದ ಹಾಗಾಯಿತು.

ಮೊದಲ ವರ್ಷಕ್ಕೆ ಮೂರೇ ವಸ್ತು ಇಟ್ಟುಕೊಳ್ಳಿ: ಒಂದು ಮರಳಿನ ಪೆಟ್ಟಿಗೆ, ಒಂದು ನಿಜವಾದ ಬೋರ್ ಲಾಗ್ (ನೆಲ ಕೊರೆದಾಗ ಯಾವ ಆಳದಲ್ಲಿ ಎಂಥ ಮಣ್ಣು ಸಿಕ್ಕಿತು ಎಂಬ ದಾಖಲೆ), ಒಂದು ನಿಜವಾದ ಭೂಕಂಪದ ದಾಖಲೆ. ಪೆಟ್ಟಿಗೆ ಅಲುಗಿಸಿ ದ್ರವೀಕರಣ (ನೀರು ತುಂಬಿದ ಮರಳು ಅಲುಗಾಟಕ್ಕೆ ದ್ರವದಂತಾಗುವುದು) ತೋರಿಸುವುದು ಒಂದು ತಂಡ; ಬೋರ್ ಲಾಗ್ ಹಿಡಿದು ದ್ರವೀಕರಣದ ಲೆಕ್ಕ ಮಾಡುವುದು ಎರಡನೆಯದು; ದಾಖಲೆಯನ್ನು ಮಣ್ಣಿನ ಪದರಗಳ ಮೂಲಕ ಮೇಲಕ್ಕೆ ತರುವುದು ಮೂರನೆಯದು. ಆರು ತಿಂಗಳಾದ ಮೇಲೆ ತಂಡಗಳನ್ನು ಅದಲುಬದಲು ಮಾಡಿ. ಉಪನ್ಯಾಸ ಮಾಲೆಯಿಂದ ಶುರು ಮಾಡುವ ಸಂಘಗಳು ಸಾಮಾನ್ಯವಾಗಿ ಉಪನ್ಯಾಸದಲ್ಲೇ ಮುಗಿಯುತ್ತವೆ. ಅಂಥ ಸಂಘದಲ್ಲಿ ಕೈ ಕೆಸರು ಮಾಡಿಕೊಳ್ಳುವವರು ಉಳಿಯುವುದಿಲ್ಲ.

ಪ್ರಶ್ನೆ: ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮರಳು ತುಂಬಿ, ನೀರು ಸುರಿದು, ಶೇಕ್ ಟೇಬಲ್ ಮೇಲೆ ಅಲುಗಿಸಿದೆವು. ಮೇಲಿಟ್ಟ ಕಟ್ಟಡದ ಮಾದರಿ ಒಂದಿಷ್ಟು ಓಲಾಡಿತೇ ಹೊರತು ಮುಳುಗಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪತ್ರದಲ್ಲೇ ಸುಳಿವಿದೆ: ಮರಳು ಮೊದಲು, ನೀರು ಆಮೇಲೆ. ಒಣ ಮರಳಿನ ಮೇಲೆ ನೀರು ಸುರಿದರೆ ಕಣಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲುಗಿದಾಗ ಕಣಗಳು ಒತ್ತಾಗಿ ಕೂರಲು ನೋಡುತ್ತವೆ. ನೀರಿಗೆ ತಕ್ಷಣ ಜಾಗ ಬಿಡಲಾಗದ ಕಾರಣ ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ. ಪೋರ್ ಪ್ರೆಶರ್, ಅಂದರೆ ಕಣಗಳ ನಡುವಿನ ನೀರಿನ ಒತ್ತಡ, ಏರುವುದು ಹೀಗೆ. ನಡುವೆ ಗಾಳಿಗುಳ್ಳೆಯಿದ್ದರೆ ಅದು ಕುಗ್ಗಿ ಜಾಗ ಕೊಡುತ್ತದೆ, ಒತ್ತಡ ಏರುವುದೇ ಇಲ್ಲ.

ಕ್ರಮ ತಿರುಗಿಸಿ. ಪೆಟ್ಟಿಗೆ 40 ಸೆಂ.ಮೀ. ಉದ್ದ, 25 ಅಗಲ, 30 ಎತ್ತರ ಇದ್ದರೆ ಸಾಕು. ತಳದಲ್ಲಿ ತೂತು ಕೊರೆದ ಪೈಪನ್ನು 2–3 ಸೆಂ.ಮೀ. ಜಲ್ಲಿಯೊಳಗೆ ಹುದುಗಿಸಿ, ಮೇಲೆ ಮರಳು ತಡೆದು ನೀರು ಬಿಡುವ ಬಟ್ಟೆಯಾದ ಜಿಯೋಟೆಕ್ಸ್‌ಟೈಲ್ ಹಾಸಿ. ಪೈಪಿನ ಇನ್ನೊಂದು ತುದಿ ಹೊರಗೆ ವಾಲ್ವ್‌ಗೆ ಬರಲಿ. ನೀರನ್ನು ಕುದಿಸಿ ಆರಿಸಿಕೊಂಡರೆ ಅದರಲ್ಲಿ ಕರಗಿದ ಗಾಳಿ ಕಡಿಮೆಯಾಗುತ್ತದೆ. ಮೊದಲು ನೀರು ತುಂಬಿ, ಆಮೇಲೆ ಮರಳನ್ನು ಆಲಿಕೆಯಿಂದ ಬಿಡಿ. ಆಲಿಕೆಯ ಬಾಯಿ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇರಬೇಕು. ಒಂದೇ ಗಾತ್ರದ ಸಣ್ಣ ಮರಳು ಬೇಕು, ಸರಾಸರಿ ಕಣ 0.2 ಮಿ.ಮೀ. ಆಸುಪಾಸು. ಒರಟು ಮರಳಾದರೆ ನೀರು ಬೇಗ ಜಾರಿಹೋಗಿ ಒತ್ತಡ ನಿಲ್ಲುವುದಿಲ್ಲ. ತೊಳೆದು ಧೂಳು ತೆಗೆಯಿರಿ, ಇಲ್ಲವಾದರೆ ನೀರು ಕದಡಿ ಏನೂ ಕಾಣಿಸುವುದಿಲ್ಲ.

ಈಗ ತೂಕದ ಲೆಕ್ಕ. 18 ಸೆಂ.ಮೀ. ಎತ್ತರಕ್ಕೆ ಮರಳು ಬೇಕಾದರೆ ಗಾತ್ರ 0.018 ಘನ ಮೀಟರ್. ಒಣ ಸಾಂದ್ರತೆ ಘನ ಸೆಂ.ಮೀ.ಗೆ 1.4 ಗ್ರಾಂ ಹಿಡಿದರೆ 25.2 ಕೆ.ಜಿ. ಮರಳು, ಕಣಗಳ ನಡುವೆ ಸುಮಾರು 8.5 ಲೀಟರ್ ನೀರು. ತೂಗಿಟ್ಟ 25.2 ಕೆ.ಜಿ. ಮರಳು ನೀರಿನಲ್ಲಿ ಕೂತ ಮೇಲೆ 18 ಸೆಂ.ಮೀ.ಗೆ ಬದಲು 16.5ಕ್ಕೆ ನಿಂತಿದ್ದರೆ ಮರಳು ಆಗಲೇ ಬಿಗಿಯಾಗಿದೆ ಎಂದರ್ಥ. ತೂಕ ಬರೆದಿಡದ ಪ್ರಯೋಗದಲ್ಲಿ ಇದು ಗೊತ್ತೇ ಆಗುವುದಿಲ್ಲ. ಬಹಳ ಸಲ ಮರಳು ಬಿಗಿಯಾಗುವುದು ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ಟೇಬಲ್ ಮೇಲೆ ಕುಕ್ಕಿದಾಗ. ಪೆಟ್ಟಿಗೆಯನ್ನು ಮೊದಲೇ ಟೇಬಲ್‌ಗೆ ಬೋಲ್ಟ್ ಹಾಕಿ, ಅಲ್ಲೇ ತುಂಬಿ.

ಎರಡನೆಯ ಸಲ ಅಲುಗಿಸಿದಾಗ ಏಕೆ ಕೆಲಸ ಮಾಡುವುದಿಲ್ಲ ಎಂದೂ ಹಲವರು ಕೇಳಿದ್ದಾರೆ. ಮರಳಿನ ಗರಿಷ್ಠ ವಾಯ್ಡ್ ರೇಶಿಯೊ (ಕಣಗಳ ನಡುವಿನ ಖಾಲಿ ಜಾಗವನ್ನು ಕಣಗಳ ಗಾತ್ರದಿಂದ ಭಾಗಿಸಿದ್ದು) 0.95, ಕನಿಷ್ಠ 0.60 ಎಂದಿಟ್ಟುಕೊಳ್ಳಿ. 1.4 ಸಾಂದ್ರತೆಯಲ್ಲಿ ವಾಯ್ಡ್ ರೇಶಿಯೊ 0.89, ಅಂದರೆ ಸಾಪೇಕ್ಷ ಸಾಂದ್ರತೆ (ಅತಿ ಸಡಿಲಕ್ಕೆ 0, ಅತಿ ಬಿಗಿಗೆ 100) ಶೇ. 16 ಮಾತ್ರ. ಮೊದಲ ಅಲುಗಾಟಕ್ಕೆ ಮರಳು 18ರಿಂದ 17.2 ಸೆಂ.ಮೀ.ಗೆ ಕೂತರೆ ಅದೇ ಶೇ. 40ಕ್ಕೆ ಏರುತ್ತದೆ. ಕಣ್ಣಿಗೆ 8 ಮಿ.ಮೀ., ಮರಳಿಗೆ ಬೇರೆಯೇ ಸ್ಥಿತಿ. ಹಾಗಂತ ಒಮ್ಮೆ ದ್ರವೀಕರಣವಾದ ನೆಲ ಇನ್ನು ಗಟ್ಟಿ ಎಂದು ನೋಡುಗರಿಗೆ ಹೇಳಬೇಡಿ. ಕ್ರೈಸ್ಟ್‌ಚರ್ಚ್‌ನ ಕೆಲವು ಬಡಾವಣೆಗಳಲ್ಲಿ 2010ರ ಸೆಪ್ಟೆಂಬರ್‌ನಲ್ಲಿ ಉಕ್ಕಿದ ಮರಳು 2011ರ ಫೆಬ್ರವರಿಯಲ್ಲಿ ಮತ್ತೆ ಉಕ್ಕಿತು, ಜೂನ್‌ನಲ್ಲಿ ಇನ್ನೊಮ್ಮೆ.

ಪ್ರತಿ ಸಲ ಪೆಟ್ಟಿಗೆ ಖಾಲಿ ಮಾಡಬೇಕಾಗಿಲ್ಲ. ತಳದ ವಾಲ್ವ್‌ನಿಂದ ನೀರನ್ನು ಮೇಲ್ಮುಖವಾಗಿ ಬಿಟ್ಟರೆ ಮರಳು ತೇಲಿ ಸಡಿಲವಾಗುತ್ತದೆ. ಈ ಮರಳಿಗೆ ಅದು ಆಗುವ ನೀರಿನ ಒತ್ತಡದ ಇಳಿಜಾರು 0.87, ಅಂದರೆ 18 ಸೆಂ.ಮೀ. ಮರಳಿನಲ್ಲಿ ಸುಮಾರು 16 ಸೆಂ.ಮೀ. ನೀರಿನ ಎತ್ತರ ಕಳೆದುಹೋಗಬೇಕು. ಕೊಳವೆಯಲ್ಲೂ ಜಲ್ಲಿಯಲ್ಲೂ ಆಗುವ ನಷ್ಟ ಸೇರಿಸಿ, ಬಕೆಟ್ಟಿನ ನೀರಿನ ಮಟ್ಟವನ್ನು ಪೆಟ್ಟಿಗೆಯ ನೀರಿಗಿಂತ 25–30 ಸೆಂ.ಮೀ. ಮೇಲಿಡಿ. ಮೇಲ್ಮೈ ಕುದಿಯುವಂತೆ ಕಂಡ ಮೇಲೆ ಒಂದೆರಡು ನಿಮಿಷ ಬಿಟ್ಟು ವಾಲ್ವನ್ನು ತೀರಾ ನಿಧಾನವಾಗಿ ಮುಚ್ಚಿ. ತಟ್ಟನೆ ಮುಚ್ಚಿದರೆ ಒಂದು ಕಡೆ ಗುಂಡಿ, ಒಂದು ಕಡೆ ದಿಬ್ಬವಾಗುತ್ತದೆ.

ಇನ್ನು ಮೇಲಿಡುವ ಕಟ್ಟಡ. 8×8 ಸೆಂ.ಮೀ. ತಳದ ಮೇಲೆ 1 ಕೆ.ಜಿ. ಇದ್ದರೆ ಒತ್ತಡ 1.5 ಕಿಲೋಪ್ಯಾಸ್ಕಲ್, ಅದು ಮುಳುಗುತ್ತದೆ. ಟೊಳ್ಳು ಪ್ಲಾಸ್ಟಿಕ್ ಮಾದರಿ ಮುಳುಗುವುದಿಲ್ಲ, ತೇಲುತ್ತದೆ, ಯಾಕೆಂದರೆ ದ್ರವವಾದ ಮರಳಿನ ಸಾಂದ್ರತೆ 1.87. ಆ ಗುಣವನ್ನೂ ಬಳಸಿಕೊಳ್ಳಿ: ಬಾಯಿ ಮುಚ್ಚಿದ ಖಾಲಿ ಡಬ್ಬಿಯೊಂದನ್ನು ಮರಳಿನೊಳಗೆ ಹೂತಿಡಿ, ಅಲುಗಿಸಿದಾಗ ಮೇಲೆದ್ದು ಬರುತ್ತದೆ. 2004ರ ನೀಗಾಟಾ-ಚುಯೆತ್ಸು ಭೂಕಂಪದಲ್ಲಿ ರಸ್ತೆಯ ಮ್ಯಾನ್‌ಹೋಲ್‌ಗಳು ಎದ್ದು ನಿಂತದ್ದು ಹೀಗೆಯೇ.

ಸೋರಿಕೆ ಪರೀಕ್ಷೆಯ ಬಗ್ಗೆ ಒಂದು ಮಾತು. 18 ಸೆಂ.ಮೀ. ನೀರು ನಿಲ್ಲಿಸಿ ಸೋರಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಆಗ ತಳದ ಒತ್ತಡ 1.8 ಕಿಲೋಪ್ಯಾಸ್ಕಲ್. ಅದೇ ಎತ್ತರದ ಮರಳು ದ್ರವವಾದಾಗ ಗೋಡೆಗೆ ತಾಗುವುದು 3.3. ಪೆಟ್ಟಿಗೆಯ ಬಾಯಿಮಟ್ಟ ನೀರು ತುಂಬಿದರೂ 2.9 ತಾನೇ. ಹಾಗಾಗಿ 10 ಮಿ.ಮೀ. ಅಕ್ರಿಲಿಕ್, ಮೂಲೆಗಳಿಗೆ ಹೊರಗಿನಿಂದ ಲೋಹದ ಪಟ್ಟಿ. ಮೋಟಾರ್ 12 ಅಥವಾ 24 ವೋಲ್ಟ್ ಡಿಸಿ ಆಗಿರಲಿ, ನಿಲ್ಲಿಸುವ ಸ್ವಿಚ್ ಅಲುಗಿಸುವವರ ಕೈಗೇ ಸಿಗಲಿ.

ಪ್ರಶ್ನೆ: ಪೋರ್ ಪ್ರೆಶರ್ ಅಳೆಯಲು 0–100 ಕಿಲೋಪ್ಯಾಸ್ಕಲ್‌ನ ಸೆನ್ಸರ್ ಹಾಕಿದ್ದೇವೆ. ಗ್ರಾಫ್ ಬರೀ ಗೊಜಲು.

ಉತ್ತರ: ನೀವು ಹುಡುಕುತ್ತಿರುವ ಸಂಖ್ಯೆ ಎಷ್ಟು ಸಣ್ಣದು ನೋಡಿ. ಆ ಸಡಿಲ ಮರಳಿನಲ್ಲಿ 10 ಸೆಂ.ಮೀ. ಆಳದಲ್ಲಿ ಕಣಗಳು ಹೊರುವ ಪರಿಣಾಮಕಾರಿ ಒತ್ತಡ ಕೇವಲ 0.86 ಕಿಲೋಪ್ಯಾಸ್ಕಲ್. ಪೂರ್ತಿ ದ್ರವೀಕರಣವಾದರೂ ಪೋರ್ ಪ್ರೆಶರ್ ಏರುವುದು ಅಷ್ಟೇ. 100ರ ಸೆನ್ಸರಿಗೆ ಶೇ. 0.25 ತಪ್ಪು ಎಂದರೆ 0.25 ಕಿಲೋಪ್ಯಾಸ್ಕಲ್, ನಿಮ್ಮ ಸಂಕೇತದ ಸುಮಾರು ಮೂರನೇ ಒಂದು ಭಾಗ ಅಲ್ಲೇ ಹೋಯಿತು. 5–7 ಕಿಲೋಪ್ಯಾಸ್ಕಲ್ ವ್ಯಾಪ್ತಿಯದನ್ನು ತನ್ನಿ. ತುದಿಯ ರಂಧ್ರಕಲ್ಲನ್ನು ನೀರಿನಲ್ಲಿ ಕುದಿಸಿ ಅಥವಾ ವ್ಯಾಕ್ಯೂಮ್‌ನಲ್ಲಿ ಇಟ್ಟು ಗಾಳಿ ತೆಗೆದು, ನೀರಿನೊಳಗೇ ಸೆನ್ಸರಿಗೆ ಜೋಡಿಸಿ. ಗಾಳಿಯಲ್ಲಿ ಎರಡು ಕ್ಷಣ ಹಿಡಿದರೂ ಮತ್ತೆ ಗುಳ್ಳೆ ಸೇರುತ್ತದೆ, ಗ್ರಾಫ್ ತಡವಾಗಿ ಏರುತ್ತದೆ. ಸೆಕೆಂಡಿಗೆ 200 ಓದು ಸಾಕು.

ಸೆನ್ಸರ್ ಸಿಗದಿದ್ದರೆ ಪಾರದರ್ಶಕ ಕೊಳವೆಯನ್ನು ಆ ಆಳಕ್ಕೆ ಇಳಿಸಿ, ತುದಿಗೆ ಬಟ್ಟೆ ಕಟ್ಟಿ. ಬಣ್ಣದ ನೀರು 8–9 ಸೆಂ.ಮೀ. ಏರಬೇಕು. ಸಣ್ಣ ವ್ಯಾಸದ್ದೇ ಇರಲಿ; ದಪ್ಪ ಕೊಳವೆ ತುಂಬುವ ಹೊತ್ತಿಗೆ ಒತ್ತಡ ಇಳಿದಿರುತ್ತದೆ. ಇಷ್ಟು ತೆಳು ಪದರದಲ್ಲಿ ಎಲ್ಲವೂ ಕೆಲವೇ ಸೆಕೆಂಡಿನ ಆಟ. ಒತ್ತಡ ಇಳಿಯುವ ಸಮಯ ಪದರದ ದಪ್ಪದ ವರ್ಗಕ್ಕೆ ಅನುಗುಣ, ಹಾಗಾಗಿ ನಿಜವಾದ ನೆಲದಲ್ಲಿ ಅಲುಗಾಟ ನಿಂತ ಮೇಲೂ ಹತ್ತಾರು ನಿಮಿಷ ಮರಳು ಉಕ್ಕುತ್ತಿರಬಹುದು.

ಪ್ರಶ್ನೆ: ನಮ್ಮ ಟೇಬಲ್ ಕ್ರ್ಯಾಂಕ್‌ನಿಂದ ಓಡುತ್ತದೆ. 3 ಹರ್ಟ್ಸ್‌ನಲ್ಲಿ 0.2 ಜಿ (ಗುರುತ್ವದ ಐದನೇ ಒಂದು ಭಾಗ) ಬೇಕು ಅಂತ ಲೆಕ್ಕ ಹಾಕಿದರೆ ಅಕ್ಸೆಲರೋಮೀಟರ್ 0.1 ತೋರಿಸುತ್ತಿದೆ.

ಉತ್ತರ: ಸ್ಟ್ರೋಕ್ ಬೇರೆ, ಆಂಪ್ಲಿಟ್ಯೂಡ್ ಬೇರೆ. ವೇಗೋತ್ಕರ್ಷ ಎಂದರೆ ಆಂಪ್ಲಿಟ್ಯೂಡನ್ನು (2 ಪೈ × ಆವರ್ತನ) ಎಂಬ ಇಡೀ ಗುಣಲಬ್ಧದ ವರ್ಗದಿಂದ ಗುಣಿಸಿದ್ದು. 3 ಹರ್ಟ್ಸ್‌ಗೆ 0.2 ಜಿ ಬೇಕಾದರೆ ಆಂಪ್ಲಿಟ್ಯೂಡ್ 5.5 ಮಿ.ಮೀ.; ಕ್ರ್ಯಾಂಕಿನ ಪಿನ್ ನಡುವಿನಿಂದ ಅಷ್ಟು ದೂರ ಇರಬೇಕು, ಟೇಬಲ್ ಈ ತುದಿಯಿಂದ ಆ ತುದಿಗೆ 11 ಮಿ.ಮೀ. ಓಡಬೇಕು. ನೀವು ಒಟ್ಟು ಓಟವನ್ನೇ 5.5 ಇಟ್ಟಿದ್ದೀರಿ. ಪಿನ್ ಸರಿಪಡಿಸಿದ ಮೇಲೆ ಆವರ್ತನದ ನಾಬನ್ನು ಹುಷಾರಾಗಿ ತಿರುಗಿಸಿ. ಅದೇ ಸ್ಟ್ರೋಕ್‌ನಲ್ಲಿ 4 ಹರ್ಟ್ಸ್‌ಗೆ ಹೋದರೆ 0.36 ಜಿ ಆಗುತ್ತದೆ. ಭಾರ ಬಿದ್ದಾಗ ಮೋಟಾರಿನ ವೇಗ ಇಳಿಯುವುದರಿಂದ ಡಯಲ್ ನಂಬದೆ, ಟೇಬಲ್ ಮೇಲಿನ ಅಕ್ಸೆಲರೋಮೀಟರ್ ಹೇಳಿದ್ದನ್ನೇ ಬರೆದುಕೊಳ್ಳಿ.

ಅಲುಗುವ ದಿಕ್ಕಿನ ಎರಡೂ ಗೋಡೆಗಳ ಒಳಬದಿಗೆ 2–3 ಸೆಂ.ಮೀ. ಫೋಮ್ ಅಂಟಿಸಿ. ಗಡುಸಾದ ಗೋಡೆ ಮರಳನ್ನು ತಳ್ಳಿ ಅಲೆಗಳನ್ನು ವಾಪಸ್ ಕಳಿಸುತ್ತದೆ, ನಿಜವಾದ ನೆಲಕ್ಕೆ ಅಂಥ ಗೋಡೆಯಿಲ್ಲ. ಬೇರಿಂಗ್‌ಗಳ ಮೇಲೆ ಒಂದರ ಮೇಲೊಂದು ಚೌಕಟ್ಟು ಜಾರುವ ಲ್ಯಾಮಿನಾರ್ ಪೆಟ್ಟಿಗೆ ಇನ್ನೂ ಒಳ್ಳೆಯದು. ಆದರೆ ಅದನ್ನು ಮೊದಲ ವರ್ಷವೇ ಕೈಗೆತ್ತಿಕೊಳ್ಳಬೇಡಿ.

ಪ್ರಶ್ನೆ: ಒಂದೇ ಬೋರ್ ಲಾಗ್. 5 ಮೀ. ಆಳದಲ್ಲಿ ಶುದ್ಧ ಮರಳು, ಎಸ್‌ಪಿಟಿ ಎನ್ (ಮಾದರಿ ಕೊಳವೆಯನ್ನು ನೆಲಕ್ಕಿಳಿಸಲು ಬೇಕಾದ ಸುತ್ತಿಗೆ ಪೆಟ್ಟುಗಳ ಎಣಿಕೆ) 10, ಸುತ್ತಿಗೆಯ ಶಕ್ತಿ ಶೇ. 70. ಕೊರೆದ ದಿನ ನೀರು 3 ಮೀ. ಆಳದಲ್ಲಿತ್ತು, ಮಳೆಗಾಲದಲ್ಲಿ 1.5 ಮೀ.ಗೆ ಬರುತ್ತದೆ. ನೆಲದ ವೇಗೋತ್ಕರ್ಷ 0.2 ಜಿ, ಭೂಕಂಪದ ತೀವ್ರಾಂಕ 6.5. ಮೂವರು ಸದಸ್ಯರು ಲೆಕ್ಕ ಮಾಡಿದರು. ಸುರಕ್ಷತಾ ಗುಣಾಂಕ (1ಕ್ಕಿಂತ ಕಡಿಮೆಯಾದರೆ ದ್ರವೀಕರಣದ ಸಂಭವ) ಒಬ್ಬರಿಗೆ 1.17, ಒಬ್ಬರಿಗೆ 1.02, ಇನ್ನೊಬ್ಬರಿಗೆ 0.94. ಯಾವುದು ಸರಿ?

ಉತ್ತರ: 0.94. ಇಡೀ ಪತ್ರವ್ಯವಹಾರದಲ್ಲಿ ನಮಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಮೂವರೂ ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿದ್ದು ನೀರನ್ನು ಎಲ್ಲಿ ಇಡಬೇಕು ಎಂಬಲ್ಲಿ.

ಸೀಡ್ ಮತ್ತು ಇಡ್ರಿಸ್ 1971ರಲ್ಲಿ ಕೊಟ್ಟ ಸರಳ ವಿಧಾನದಲ್ಲಿ ಎರಡು ಪಕ್ಷ. ಒಂದು ಭೂಕಂಪ ಮಣ್ಣಿನ ಮೇಲೆ ಹೇರುವ ಒತ್ತಡದ ಅನುಪಾತ, ಇನ್ನೊಂದು ಮಣ್ಣು ತಡೆದುಕೊಳ್ಳುವ ಅನುಪಾತ. ಹೇರುವ ಪಕ್ಷ: 0.65, ವೇಗೋತ್ಕರ್ಷ, ಒಟ್ಟು ಒತ್ತಡ ಭಾಗಿಸು ಪರಿಣಾಮಕಾರಿ ಒತ್ತಡ, ಆಳದ ಗುಣಾಂಕ, ಈ ನಾಲ್ಕರ ಗುಣಲಬ್ಧ. ಭೂಕಂಪ ಮಳೆಗಾಲದಲ್ಲೂ ಬರಬಹುದಾದ್ದರಿಂದ ಇಲ್ಲಿ ನೀರು 1.5 ಮೀ.ನಲ್ಲಿ. ನೀರಿನ ಮೇಲಿನ ಮಣ್ಣಿಗೆ ಘನ ಮೀಟರಿಗೆ 17, ಕೆಳಗಿನದಕ್ಕೆ 19 ಕಿಲೋನ್ಯೂಟನ್ ಹಿಡಿದರೆ ಒಟ್ಟು ಒತ್ತಡ 92, ನೀರಿನ ಒತ್ತಡ 34.3, ಉಳಿದದ್ದು 57.7 ಕಿಲೋಪ್ಯಾಸ್ಕಲ್. 5 ಮೀ.ಗೆ ಆಳದ ಗುಣಾಂಕ 1ರಿಂದ 0.00765×5 ಕಳೆದರೆ 0.962. ಗುಣಿಸಿದರೆ 0.199.

ತಡೆಯುವ ಪಕ್ಷ ಎಸ್‌ಪಿಟಿಯಿಂದ ಬರುತ್ತದೆ. 10ನ್ನು 70/60ರಿಂದ ಗುಣಿಸಿ, ರಾಡ್ ಉದ್ದಕ್ಕೆ 0.85 ಹಾಕಿದರೆ 9.9. ಮುಂದೆ ಆಳದ ತಿದ್ದುಪಡಿ: 100ನ್ನು ಪರಿಣಾಮಕಾರಿ ಒತ್ತಡದಿಂದ ಭಾಗಿಸಿ ವರ್ಗಮೂಲ. ಇಲ್ಲೇ ಗುಟ್ಟಿರುವುದು. ಸುತ್ತಿಗೆ ಬಿದ್ದ ದಿನ ಮರಳಿನ ಮೇಲೆ ಎಷ್ಟು ಒತ್ತಡವಿತ್ತೋ ಅದೇ ಎನ್ ಸಂಖ್ಯೆಯನ್ನು ಹುಟ್ಟಿಸಿದ್ದು. ಆವತ್ತು ನೀರು 3 ಮೀ.ನಲ್ಲಿ, ಪರಿಣಾಮಕಾರಿ ಒತ್ತಡ 69.4. ತಿದ್ದುಪಡಿ 1.20, ತಿದ್ದಿದ ಎನ್ 11.9. ಯೌಡ್ ಮತ್ತು ಸಂಗಡಿಗರ 2001ರ ವರದಿಯ ಸಮೀಕರಣಕ್ಕೆ ಹಾಕಿದರೆ ತಡೆಯುವ ಅನುಪಾತ 0.130, ಅದು 7.5 ತೀವ್ರಾಂಕಕ್ಕೆ. 6.5ಕ್ಕೆ 1.44ರಿಂದ ಗುಣಿಸಿ 0.199ರಿಂದ ಭಾಗಿಸಿ: 0.94.

1.17 ಬಂದವರು ಎರಡೂ ಕಡೆ ಬೇಸಿಗೆಯ ನೀರು ಇಟ್ಟಿದ್ದಾರೆ. 1.02 ಬಂದವರು ಎರಡೂ ಕಡೆ ಮಳೆಗಾಲದ ನೀರು ಇಟ್ಟು, ಕೊರೆದ ದಿನ ಇಲ್ಲದ ನೀರಿಗೆ ಎನ್ ತಿದ್ದಿದ್ದಾರೆ. ಎರಡನೆಯ ತಪ್ಪು ನೋಡಲು ಎಚ್ಚರಿಕೆಯ ಕ್ರಮದಂತೆ ಕಾಣುವುದರಿಂದ ವರದಿಗಳಲ್ಲಿ ಹೆಚ್ಚು ಉಳಿದುಕೊಳ್ಳುತ್ತದೆ.

ಹಾಗೆ ನೋಡಿದರೆ 0.94ಕ್ಕೂ 1.02ಕ್ಕೂ ನಡುವೆ ಮಣ್ಣಿಗೆ ಅಂಥ ಅಂತರವಿಲ್ಲ. ಸುತ್ತಿಗೆಯ ಶಕ್ತಿಯನ್ನು ಅಳೆಯದೆ ಶೇ. 70 ಎಂದು ಊಹಿಸಿದ್ದರೆ ಅದೊಂದೇ ಇದಕ್ಕಿಂತ ಹೆಚ್ಚು ಏರುಪೇರು ಮಾಡುತ್ತದೆ. ಬೋರ್‌ಹೋಲ್ ಒಳಗಿನ ನೀರಿನ ಮಟ್ಟ ಹೊರಗಿನದಕ್ಕಿಂತ ಕೆಳಗಿದ್ದರೆ ತಳದ ಮರಳು ಉಬ್ಬಿ ಬಂದು ಎನ್ ಸುಳ್ಳಾಗಿ ಇಳಿಯುತ್ತದೆ. ಅಂಕಿ ನಂಬುವ ಮೊದಲು ಕೊರೆತದ ಟಿಪ್ಪಣಿ ತರಿಸಿ ಓದಿ.

ಪ್ರಶ್ನೆ: ಜೇಡಿ ಸೇರಿದ ಹೂಳುಮಣ್ಣು ದ್ರವೀಕರಣ ಆಗುವುದಿಲ್ಲ ಅಂತ ಪುಸ್ತಕದಲ್ಲಿದೆ. ಆ ಪದರಗಳನ್ನು ಲೆಕ್ಕದಿಂದ ಬಿಡಬಹುದೆ?

ಉತ್ತರ: ಹಳೆಯ ಪುಸ್ತಕ. ಶೇಕಡಾ 15ಕ್ಕಿಂತ ಹೆಚ್ಚು ಜೇಡಿ ಕಣವಿದ್ದರೆ ಚಿಂತೆಯಿಲ್ಲ ಎಂಬ ಹಳೆಯ ಮಾನದಂಡವನ್ನು 1999ರ ಆಗಸ್ಟ್ 17ರ ಟರ್ಕಿ ಭೂಕಂಪದಲ್ಲಿ ಅದಪಜಾರಿ ನಗರದ ಹೂಳುಮಣ್ಣು ಸುಳ್ಳು ಮಾಡಿತು. ಕಣದ ಗಾತ್ರಕ್ಕಿಂತ ಅದರ ಗುಣ ಮುಖ್ಯ. ಬ್ರೇ ಮತ್ತು ಸಾನ್ಸಿಯೊ 2006ರಲ್ಲಿ ಕೊಟ್ಟ ಪ್ರಕಾರ ಪ್ಲಾಸ್ಟಿಸಿಟಿ ಇಂಡೆಕ್ಸ್ (ಮಣ್ಣು ಜೇಡಿಯಂತೆ ನಾದಲು ಬರುವ ತೇವಾಂಶದ ವ್ಯಾಪ್ತಿ) 12ಕ್ಕಿಂತ ಕಡಿಮೆ, ಮತ್ತು ಮಣ್ಣಿನ ತೇವಾಂಶ, ಮಣ್ಣು ದ್ರವದಂತೆ ಹರಿಯತೊಡಗುವ ತೇವಾಂಶವಾದ ಲಿಕ್ವಿಡ್ ಲಿಮಿಟ್‌ನ ಶೇ. 85ಕ್ಕಿಂತ ಹೆಚ್ಚಿದ್ದರೆ ಆ ಮಣ್ಣಿನ ಮೇಲೆ ಸಂಶಯ ಇಟ್ಟುಕೊಳ್ಳಿ. ಅಂಥ ಪದರದ ಕದಡದ ಮಾದರಿ ತೆಗೆದು ಸೈಕ್ಲಿಕ್ ಪರೀಕ್ಷೆ (ಭಾರವನ್ನು ಮತ್ತೆ ಮತ್ತೆ ಹಿಂದೆ ಮುಂದೆ ಹೇರಿ ನೋಡುವುದು) ಮಾಡಿಸುವುದೇ ಮುಂದಿನ ದಾರಿ. ಎಸ್‌ಪಿಟಿ ಸೂತ್ರದಲ್ಲಿ ತುರುಕಬೇಡಿ.

ಪ್ರಶ್ನೆ: ಕ್ಯಾಂಪಸ್ಸಿನ ನೆಲದ ನೈಸರ್ಗಿಕ ಆವರ್ತನ ತಿಳಿಯಲು ಮೂರು ದಿಕ್ಕಿನ ಸೆನ್ಸರ್ ಇಟ್ಟು ನೆಲದಲ್ಲಿ ಸದಾ ಇರುವ ಸಣ್ಣ ಕಂಪನ ದಾಖಲಿಸಿದ್ದೇವೆ. ಅಡ್ಡ ಕಂಪನವನ್ನು ಲಂಬ ಕಂಪನದಿಂದ ಭಾಗಿಸಿದ ಗ್ರಾಫಿನಲ್ಲಿ 0.8, 2.1 ಮತ್ತು 12.5 ಹರ್ಟ್ಸ್‌ನಲ್ಲಿ ಶಿಖರ. ಯಾವುದನ್ನು ತೆಗೆದುಕೊಳ್ಳುವುದು?

ಉತ್ತರ: 12.5ರದ್ದು ಸೂಜಿಯಂತೆ ಕಿರಿದಾಗಿದ್ದರೆ ಅದು ನೆಲವಲ್ಲ, ಯಂತ್ರ. 750 ಆರ್‌ಪಿಎಂ ಪಂಪೋ ಜನರೇಟರೋ ಹತ್ತಿರದಲ್ಲಿರಬೇಕು. 0.8ರದ್ದು ಗಾಳಿಯಿಂದಲೂ ಬರಬಹುದು, ಸೆನ್ಸರಿನ ಮಿತಿಯಿಂದಲೂ ಬರಬಹುದು, 4.5 ಹರ್ಟ್ಸ್ ಜಿಯೋಫೋನ್ ಆಗಿದ್ದರೆ 1 ಹರ್ಟ್ಸ್‌ಗಿಂತ ಕೆಳಗಿನದನ್ನು ಅದರ ಬಾಯಿಂದ ನಂಬಬೇಡಿ. ಗಾಳಿಯಿಲ್ಲದ ರಾತ್ರಿ, ಸೆನ್ಸರನ್ನು ಹುಲ್ಲಿನ ಮೇಲಲ್ಲದೆ ಗಟ್ಟಿ ನೆಲದ ಮೇಲೆ, ಮರ ಮತ್ತು ಕಟ್ಟಡಗಳಿಂದ ದೂರ ಇಟ್ಟು ಮತ್ತೆ ಅಳೆಯಿರಿ. ಯುರೋಪಿನ ಸೆಸೇಮ್ ಯೋಜನೆಯ 2004ರ ಮಾರ್ಗಸೂಚಿ 1 ಹರ್ಟ್ಸ್ ನಿರೀಕ್ಷೆಗೆ ಕನಿಷ್ಠ 10 ನಿಮಿಷ, 0.5ಕ್ಕೆ 20 ನಿಮಿಷ ಹೇಳುತ್ತದೆ. ಅರ್ಧ ಗಂಟೆ ಬಿಟ್ಟರೆ ಹೆಜ್ಜೆ ಸದ್ದಿನ ಭಾಗ ಕತ್ತರಿಸಿ ಹಾಕಿದರೂ ಸಾಕಷ್ಟು ಉಳಿಯುತ್ತದೆ.

2.1 ನಿಂತರೆ ಕೈಲೆಕ್ಕದಿಂದ ತಾಳೆ ನೋಡಿ: ಆವರ್ತನ ಎಂದರೆ ಶಿಯರ್ ಅಲೆಯ (ಮಣ್ಣನ್ನು ಅಡ್ಡಡ್ಡ ಅಲುಗಿಸುತ್ತ ಸಾಗುವ ಅಲೆ) ವೇಗವನ್ನು ಮಣ್ಣಿನ ದಪ್ಪದ ನಾಲ್ಕರಷ್ಟರಿಂದ ಭಾಗಿಸಿದ್ದು. ವೇಗ ಸೆಕೆಂಡಿಗೆ 200 ಮೀ. ಆದರೆ ದಪ್ಪ ಸುಮಾರು 24 ಮೀ. ಹತ್ತಿರದ ಬೋರ್‌ನಲ್ಲಿ ಬಂಡೆ 8 ಮೀ.ಗೇ ಸಿಕ್ಕಿದ್ದರೆ ಎಲ್ಲೋ ಏನೋ ಸರಿಯಿಲ್ಲ. ಮತ್ತೆ, ಶಿಖರದ ಎತ್ತರ 5 ಬಂತು ಎಂದು ನೆಲ ಭೂಕಂಪವನ್ನು 5 ಪಟ್ಟು ಹಿಗ್ಗಿಸುತ್ತದೆ ಎಂದು ಪೋಸ್ಟರಿನಲ್ಲಿ ಬರೆಯಬೇಡಿ. ಆವರ್ತನವನ್ನು ನಂಬಬಹುದು, ಎತ್ತರವನ್ನು ನಂಬುವಂತಿಲ್ಲ.

ವೇಗವನ್ನು ಎಂಎಎಸ್‌ಡಬ್ಲ್ಯೂ (ಮೇಲ್ಮೈ ಅಲೆಗಳಿಂದ ವೇಗ ಕಂಡುಹಿಡಿಯುವ ವಿಧಾನ) ಮಾಡಿ ಅಳೆದಿದ್ದರೆ, ಮೇಲಿನ 30 ಮೀ.ನ ಸರಾಸರಿ ತೆಗೆಯುವಾಗ ಪದರಗಳ ವೇಗವನ್ನಲ್ಲ, ಅಲೆ ದಾಟುವ ಸಮಯವನ್ನು ಕೂಡಿಸಿ. 5 ಮೀ.ಗೆ 150, 10 ಮೀ.ಗೆ 220, 15 ಮೀ.ಗೆ 360 ಇದ್ದರೆ ಒಟ್ಟು ಸಮಯ 0.1205 ಸೆಕೆಂಡ್, ಸರಾಸರಿ 249. ಪದರದ ದಪ್ಪಕ್ಕೆ ತಕ್ಕಂತೆ ವೇಗಗಳನ್ನೇ ಸರಾಸರಿ ಹಾಕಿದವರಿಗೆ 278 ಬರುತ್ತದೆ.

ಪ್ರಶ್ನೆ: ಮಣ್ಣಿನ ಪದರಗಳಲ್ಲಿ ಅಲೆ ಏರುವುದನ್ನು ಲೆಕ್ಕ ಹಾಕುವ ತಂತ್ರಾಂಶ ಡೀಪ್‌ಸಾಯಿಲ್‌ನಲ್ಲಿ ನಮ್ಮ ಪದರಗಳನ್ನು ಹಾಕಿ ದಾಖಲೆಯೊಂದನ್ನು ಓಡಿಸಿದರೆ ಮೇಲ್ಮೈ ಅಲುಗಾಟ ನಂಬಲಾರದಷ್ಟು ದೊಡ್ಡದು ಬರುತ್ತಿದೆ.

ಉತ್ತರ: ಮೊದಲು ತಳ ನೋಡಿ. ಬಂಡೆಯ ಮೇಲ್ಮೈಯಲ್ಲಿ ದಾಖಲಾದ ಚಲನೆಯನ್ನು ಗಡುಸು ತಳದ ಆಯ್ಕೆಯೊಂದಿಗೆ ಕೊಟ್ಟರೆ ಕೆಳಗಿಳಿದ ಅಲೆಗೆ ಹೊರಹೋಗುವ ದಾರಿಯೇ ಇರುವುದಿಲ್ಲ, ಒಳಗೇ ಕುಣಿಯುತ್ತದೆ. ಅಂಥ ದಾಖಲೆಗೆ ಸ್ಥಿತಿಸ್ಥಾಪಕ ತಳ ಆರಿಸಿ. ಗಡುಸು ತಳ ಇರುವುದು ಬೋರ್‌ಹೋಲ್ ಒಳಗೇ ದಾಖಲಾದ ಚಲನೆಗೆ. ಆಮೇಲೆ ಪದರದ ದಪ್ಪ. 160 ಮೀ. ವೇಗದ ಮಣ್ಣನ್ನು 4 ಮೀ.ನ ಒಂದೇ ಪದರ ಮಾಡಿದರೆ ಅದು 10 ಹರ್ಟ್ಸ್‌ಗಿಂತ ಮೇಲಿನದನ್ನು ಸರಿಯಾಗಿ ದಾಟಿಸದು. 25 ಹರ್ಟ್ಸ್ ಬೇಕಾದರೆ 1.6 ಮೀ.ಗೆ ಒಡೆಯಿರಿ. ಕೊನೆಗೆ ಸ್ಟ್ರೇನ್, ಅಂದರೆ ಮಣ್ಣು ಎಷ್ಟು ವಿರೂಪಗೊಂಡಿತು ಎಂಬ ಪ್ರಮಾಣ. ಮಣ್ಣಿನ ಗಡಸುತನವನ್ನು ಅಲುಗಾಟದುದ್ದಕ್ಕೂ ಒಂದೇ ಎಂದು ಹಿಡಿಯುವ ಸಮಾನ-ರೇಖೀಯ ವಿಧಾನದಲ್ಲಿ ಯಾವುದಾದರೂ ಪದರ ಶೇ. 0.5 ದಾಟಿದ್ದರೆ ಫಲಿತಾಂಶ ಬದಿಗಿಟ್ಟು ಅರೇಖೀಯ ವಿಶ್ಲೇಷಣೆಗೆ ಹೋಗಿ. ಅಲ್ಲಿಯೂ ಪೋರ್ ಪ್ರೆಶರ್ ಆಯ್ಕೆ ಮಾಡದಿದ್ದರೆ ತಂತ್ರಾಂಶಕ್ಕೆ ದ್ರವೀಕರಣ ಎಂಬುದೊಂದಿದೆ ಎಂದು ಗೊತ್ತೇ ಇರುವುದಿಲ್ಲ.

ಪ್ರಶ್ನೆ: ಭೂಕಂಪವಾದ ಮೇಲೆ ಸಂಘದವರು ಸ್ಥಳಕ್ಕೆ ಹೋಗಿ ದಾಖಲಿಸಬಹುದೆ?

ಉತ್ತರ: ರಕ್ಷಣಾ ಕಾರ್ಯ ಮುಗಿಯುವವರೆಗೆ ಬೇಡ. ಆಮೇಲೂ ಅನುಭವಿ ಅಧ್ಯಾಪಕರ ಜೊತೆ, ಸ್ಥಳೀಯ ಆಡಳಿತದ ಒಪ್ಪಿಗೆ ಪಡೆದು ಮಾತ್ರ. ವಾಲಿದ ಕಟ್ಟಡದೊಳಗೆ, ಬಿರುಕು ಬಿಟ್ಟ ಇಳಿಜಾರಿನ ಕೆಳಗೆ ಕಾಲಿಡುವಂತಿಲ್ಲ; ಮರುಕಂಪನಗಳು ಆಗುತ್ತಲೇ ಇರುತ್ತವೆ. ಆದರೆ ವಿಪರೀತ ತಡಮಾಡಿದರೂ ಕೆಲಸ ಕೆಡುತ್ತದೆ, ನೀರಿನೊಂದಿಗೆ ಉಕ್ಕಿ ಬಂದ ಮರಳಿನ ಬುಗ್ಗೆಗಳು ಒಂದು ಮಳೆಗೆ ಅಥವಾ ಒಂದು ಟ್ರ್ಯಾಕ್ಟರ್ ಸುತ್ತಿಗೆ ಅಳಿಸಿಹೋಗುತ್ತವೆ.

ಬುಗ್ಗೆ ಕಂಡರೆ ಬಾಯಿಯ ವ್ಯಾಸ, ದಿಬ್ಬದ ಅಗಲ, ಎತ್ತರ ಅಳೆಯಿರಿ. ಫೋಟೊದಲ್ಲಿ ಅಳತೆಪಟ್ಟಿ ಮತ್ತು ದಿಕ್ಕು ಇರಲಿ, ಫೋನಿನ ಜಿಪಿಎಸ್ ಆನ್ ಆಗಿರಲಿ. ಬಾಯಿಯ ಹತ್ತಿರದ ಮರಳು 1 ಕೆ.ಜಿ. ಒಂದು ಚೀಲಕ್ಕೆ, ಅಂಚಿನದು ಬೇರೆ ಚೀಲಕ್ಕೆ. ಹರಿಯುವಾಗ ಸಣ್ಣ ಕಣ ದೂರ ಹೋಗಿರುತ್ತದಾದ್ದರಿಂದ ಅಂಚಿನ ಮಾದರಿಯೊಂದನ್ನೇ ಜರಡಿ ಹಿಡಿದರೆ ಕೆಳಗಿನ ಪದರ ನಿಜಕ್ಕಿಂತ ನುಣುಪು ಎನಿಸುತ್ತದೆ. ನದೀದಡ ನೀರಿನ ಕಡೆಗೆ ಸರಿದಿದ್ದರೆ ದಡಕ್ಕೆ ಲಂಬವಾಗಿ ಟೇಪ್ ಹಿಡಿದು, ಅಡ್ಡ ಬಂದ ಪ್ರತಿ ಬಿರುಕಿನ ಅಗಲ ಮತ್ತು ದಡದಿಂದ ಅದರ ದೂರ ಬರೆಯುತ್ತ ಹೋಗಿ. ಅಗಲಗಳನ್ನು ಕೂಡಿಸಿದರೆ ಆ ಗೆರೆಯಲ್ಲಿ ನೆಲ ಎಷ್ಟು ಸರಿಯಿತು ಎಂಬುದು ಹತ್ತಿರ ಹತ್ತಿರ ಸಿಗುತ್ತದೆ. ಟೇಪನ್ನು ಕೊನೆಯ ಬಿರುಕಿನಿಂದಾಚೆಗೂ ಎಳೆಯಿರಿ. ಬಿರುಕು ಎಲ್ಲಿ ನಿಂತಿತು ಎಂಬುದನ್ನು ಬಹಳ ಮಂದಿ ಬರೆಯುವುದೇ ಇಲ್ಲ. ದ್ರವೀಕರಣ ಕಾಣಿಸದ ಜಾಗಗಳನ್ನೂ ಅಷ್ಟೇ ಶ್ರದ್ಧೆಯಿಂದ ಗುರುತು ಹಾಕಿ. ಎನ್ ಸಂಖ್ಯೆಗೂ ದ್ರವೀಕರಣಕ್ಕೂ ನಡುವೆ ಎಳೆದ ಗೆರೆ ನಿಂತಿರುವುದು ಆದ ಜಾಗ, ಆಗದ ಜಾಗ ಎರಡರ ದಾಖಲೆಯ ಮೇಲೆ.